ಊರಿನ ಮೇಲೊಂದು ಊರು

ಕಳೆದ ಶ್ರಾವಣದ ಒಂದು ಭಾನುವಾರ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಬೇಗೂರಿಗೆ ಹೋಗಿದ್ದೆ. ಅಲ್ಲಿಯ ದೇವಾಲಯದ ಆವರಣದಲ್ಲಿ ಕ್ರಿ.ಶ. 890ರ ಸುಮಾರಿನ ವೀರಗಲ್ಲೊಂದಿದೆ. ಅದರಲ್ಲಿ ‘ಬೆಂಗಳೂರು ಕಾಳಗ’ದ ಪ್ರಸ್ತಾಪ ಬಂದಿರುವುದರಿಂದ, ವೀರಬಲ್ಲಾಳನೂ ಅವನಿಗೆ ಬೆಂದ ಕಾಳು ಕೊಟ್ಟಳೆನ್ನುವ ಮುದುಕಿಯೂ ಹುಟ್ಟುವುದಕ್ಕೆ ಬಹಳ ಮೊದಲೇ ಈ ಹೆಸರು ಬಳಕೆಯಲ್ಲಿತ್ತೆಂಬುದು ನಿಶ್ಚಯ. ಆ ಕಾಳಿನ ಕಥೆಯನ್ನು ಬಿಟ್ಟುಕೊಡಲು ನನ್ನ ಮನೆಯಲ್ಲೇ ಯಾರೂ ಸಿದ್ಧರಿಲ್ಲ. ಆ ಮಾತು ಬೇರೆ.

ಹುಡುಗನೊಬ್ಬ ಕಲ್ಲಿನ ಮುಂದೆ ತನ್ನ ಫೋನನ್ನು ಹಿಡಿದ. ಸುತ್ತಲಿನ ಹೋಟೆಲು, ಔಷಧದ ಅಂಗಡಿ, ಮುಖ್ಯರಸ್ತೆಯ ವಾಹನಸಂದಣಿ ಎಲ್ಲವನ್ನೂ ಅದು ಬಲ್ಲದು. ಕಲ್ಲಿನ ಅಕ್ಷರಗಳ ವಿಷಯದಲ್ಲಿ ಮಾತ್ರ ಮೌನ. “ಸಾರ್, ಇದಕ್ಕೆ ಹಳಗನ್ನಡ ಬರೋದಿಲ್ಲ” ಎಂದ. ಅವನಿಗೂ ಬಾರದೆಂಬುದನ್ನು ನಾನು ಎತ್ತಿ ಆಡಲಿಲ್ಲ.

ಕಣ್ಣಿಗೆ ಕಾಣುವ ಲೋಕದ ಮೇಲೆ ಯಂತ್ರವು ಮತ್ತೊಂದು ಚಿತ್ರವನ್ನು ಹಾಸಿ ತೋರಿಸುವ ವಿದ್ಯೆಗೆ ‘ಅಗ್ಮೆಂಟೆಡ್ ರಿಯಾಲಿಟಿ’ ಎಂದು ಹೆಸರು. ನಿನ್ನೆ ಮೊನ್ನೆಯದೆಂದು ನಾವು ಭಾವಿಸುವ ಈ ವಿದ್ಯೆಗೆ ಅರ್ಧ ಶತಮಾನ ತುಂಬಿ ಹೋಗಿದೆ. 1968ರಲ್ಲಿ ಅಮೆರಿಕದ ಐವಾನ್ ಸದರ್ಲೆಂಡ್ ಎಂಬ ವಿಜ್ಞಾನಿ, ಕೋಣೆಯ ನಡುವೆ ಗೆರೆಗಳ ಘನಾಕೃತಿ ತೇಲುವಂತೆ ತೋರಿಸುವ ಸಾಧನವೊಂದನ್ನು ರಚಿಸಿದ. ಅದರ ಭಾರಕ್ಕೆ ಮನುಷ್ಯನ ತಲೆ ಸಾಲದೆ, ಮಾಳಿಗೆಯಿಂದ ತೂಗುಹಾಕಬೇಕಾಯಿತು. ಹೆಸರು ಬಂದದ್ದು 1990ರ ಸುಮಾರಿಗೆ, ವಿಮಾನ ತಯಾರಿಸುವ ಬೋಯಿಂಗ್ ಸಂಸ್ಥೆಯಲ್ಲಿ.

ಈ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಪ್ರಸಂಗ ನ್ಯೂಯಾರ್ಕಿನದು. 1997ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀವನ್ ಫೈನರ್ ಮತ್ತು ಸಂಗಡಿಗರು ಬೆನ್ನಿಗೆ ಕಂಪ್ಯೂಟರಿನ ಗಂಟನ್ನೂ ತಲೆಗೆ ಕನ್ನಡಕದಂಥ ಪರದೆಯನ್ನೂ ಕಟ್ಟಿಕೊಂಡು ಅಂಗಳದಲ್ಲಿ ತಿರುಗಾಡುವ ಏರ್ಪಾಡು ಮಾಡಿದರು. ಕಟ್ಟಡದತ್ತ ನೋಡಿದರೆ ಅದರ ಹೆಸರು ಎದುರಿಗೆ ಮೂಡುತ್ತಿತ್ತು. ಎರಡು ವರ್ಷಗಳ ಮೇಲೆ ಅದೇ ಪರದೆಯಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿದ್ದು ಅಳಿದುಹೋದ ಬ್ಲೂಮಿಂಗ್‌ಡೇಲ್ ಮಾನಸಿಕ ಚಿಕಿತ್ಸಾಲಯವನ್ನು, ಅದು ನಿಂತಿದ್ದ ನೆಲದ ಮೇಲೆಯೇ ನಿಲ್ಲಿಸಿ ತೋರಿಸಿದರು. ವಿದ್ಯಾರ್ಥಿಗಳು ದಿನವೂ ತುಳಿಯುವ ಹುಲ್ಲಿನಡಿ ಯಾರ ನರಳಾಟವಿತ್ತೆಂಬುದು ಹೀಗೆ ಹೊರಬಂತು.

2016ರ ಜುಲೈನಲ್ಲಿ ಬಂದ ‘ಪೋಕಿಮಾನ್ ಗೋ’ ಆಟದ ಬಗೆ ಬೇರೆ. ಲೋಕದ ಬೀದಿಬೀದಿಗಳಲ್ಲಿ ಜನ ಫೋನು ಹಿಡಿದು ಕಾಣದ ಪ್ರಾಣಿಗಳನ್ನು ಬೆನ್ನಟ್ಟಿದರು. ಯಹೂದಿಗಳ ನರಮೇಧದ ಸ್ಮಾರಕವಾದ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದವರು, ದಯವಿಟ್ಟು ಇಲ್ಲಿ ಆಡಬೇಡಿ ಎಂದು ಕೇಳಿಕೊಳ್ಳಬೇಕಾಯಿತು. ಆಟಕ್ಕೆ ಆ ಜಾಗದ ನೆನಪು ಬೇಕಿರಲಿಲ್ಲ, ಅದು ಭೂಪಟದಲ್ಲೊಂದು ಚುಕ್ಕೆಯಾಗಿದ್ದರೆ ಸಾಕಾಗಿತ್ತು.

ನಮ್ಮಲ್ಲಿ ಹಾಗೆ ಮೇಲೆ ಹಾಸಲು ಕೆಳಗೇನು ಉಳಿದಿದೆ? ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ ಅಚ್ಚು ಮಾಡಿಸಿದರು. ಅವುಗಳಲ್ಲಿ ಎಷ್ಟೋ ಕಲ್ಲುಗಳು ರಸ್ತೆ, ಬಡಾವಣೆಗಳ ಪಾಲಾಗಿ ಈಗ ಪುಸ್ತಕದಲ್ಲಿ ಮಾತ್ರ ಇವೆ. ಇನ್ನು ಕೆಲವು ಪುಸ್ತಕದಲ್ಲೂ ಇಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಎಂಟನೆಯ ಶತಮಾನದ ಕಿತ್ತಯ್ಯನ ಕಲ್ಲು ಅಂಥದು. ನಗರದ ಮಿಥಿಕ್ ಸೊಸೈಟಿಯವರು ಇಂಥ ಕಲ್ಲುಗಳ ಮೂರು ಆಯಾಮದ ಪ್ರತಿಗಳನ್ನು ಯಂತ್ರದಿಂದ ತೆಗೆದಿಡುವ ಕೆಲಸ ಕೈಗೊಂಡಿದ್ದಾರೆ. ಹಿಂದೆ ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಿದ್ದರು. ಈಗ ಬೆಳಕಿನ ಪಟ್ಟೆಗಳನ್ನು ಕಲ್ಲಿನ ಮೇಲೆ ಬೀರಿ, ಉಬ್ಬುತಗ್ಗುಗಳನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅಳೆಯುತ್ತಾರೆ. ಪರದೆಯ ಮೇಲೆ ಅದನ್ನು ಹೇಗೆ ಬೇಕಾದರೂ ತಿರುಗಿಸಬಹುದು. ಪಕ್ಕದಿಂದ ಬೆಳಕು ಬಿಟ್ಟರೆ ಸವೆದ ಅಕ್ಷರವೂ ತಲೆಯೆತ್ತುತ್ತದೆ. ಕಲ್ಲು ನಾಳೆ ಬುಲ್ಡೋಜರಿಗೆ ಸಿಕ್ಕರೂ ಅದರ ಅಳತೆ ಉಳಿದೀತು. ಕಲ್ಲೇ ಉಳಿಯಲಿ ಎನ್ನುವ ಪೈಕಿ ನಾನು; ಪ್ರತಿಯಿದೆಯಲ್ಲ ಎಂಬ ಸಮಾಧಾನವೇ ಕಲ್ಲಿಗೆ ಮುಳುವಾಗಬಾರದೆಂಬ ಭಯವೂ ನನಗುಂಟು.

ಇದನ್ನೇ ಬೇಗೂರಿನಲ್ಲಿ ಹುಡುಗರಿಗೆ ಹೇಳುತ್ತಿರುವಾಗ ಮೋಡ ಕವಿದು ಕತ್ತಲಾಯಿತು. ಫೋನಿನ ಹುಡುಗ ಅದರ ದೀಪ ಹೊತ್ತಿಸಿ, ನಾನು ಹೇಳಿದಂತೆ ಕಲ್ಲಿನ ಅಂಚಿಗೆ ಅಡ್ಡವಾಗಿ ಹಿಡಿದ. ಸಾಲುಗಳು ಎದ್ದು ಬಂದವು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಕೂಡಿಸುತ್ತ ಹೋದೆವು. ಊರಿನ ಹೆಸರಿಗೆ ಬಂದು ಮುಟ್ಟುವ ಹೊತ್ತಿಗೆ ಮಳೆ ಹಿಡಿದುಕೊಂಡಿತು. ಮರಳುವ ಬಸ್ಸೂ ತಪ್ಪಿತು.