ನ್ಯೂಜೆರ್ಸಿಯ ತಪ್ಪೊಪ್ಪಿಗೆ, ಗೋವಾದ ಮೊಕದ್ದಮೆ: ಲೂಯಿ ಬರ್ಜರ್ ಲಂಚ ಪ್ರಕರಣದ ಪರಿಶೀಲನೆ

ಗೋವಾದ ಕುಡಿಯುವ ನೀರು ಮತ್ತು ಒಳಚರಂಡಿ ಯೋಜನೆಯಲ್ಲಿ ಸಚಿವರ ಮಟ್ಟದವರೆಗೆ ಲಂಚ ಸಂದಾಯವಾಗಿದೆ ಎಂಬ ಆರೋಪ ಮೊದಲು ಹೊರಬಿದ್ದದ್ದು ಪಣಜಿಯ ವಿಧಾನಸಭೆಯಲ್ಲಲ್ಲ, ರಾಜ್ಯದ ಲೋಕಾಯುಕ್ತರ ಕಚೇರಿಯಿಂದಲ್ಲ, ಲೆಕ್ಕಪರಿಶೋಧಕರ ವರದಿಯಿಂದಲೂ ಅಲ್ಲ. 2015ರ ಜುಲೈ 17ರಂದು ಅಮೆರಿಕದ ನ್ಯಾಯಾಂಗ ಇಲಾಖೆಯು ನ್ಯೂಜೆರ್ಸಿಯಲ್ಲಿ ಬಹಿರಂಗಪಡಿಸಿದ ಒಂದು ಒಪ್ಪಂದದಿಂದ. ಲೂಯಿ ಬರ್ಜರ್ ಇಂಟರ್‌ನ್ಯಾಷನಲ್ ಎಂಬ ನಿರ್ಮಾಣ ಸಲಹಾ ಕಂಪನಿಯು ಭಾರತ, ಇಂಡೊನೇಷ್ಯಾ, ವಿಯೆಟ್ನಾಂ ಮತ್ತು ಕುವೈತ್‌ಗಳಲ್ಲಿ ಗುತ್ತಿಗೆ ಪಡೆಯಲು ಒಟ್ಟು 39 ಲಕ್ಷ ಡಾಲರ್ ಲಂಚ ಕೊಟ್ಟದ್ದನ್ನು ಒಪ್ಪಿಕೊಂಡು, 1 ಕೋಟಿ 71 ಲಕ್ಷ ಡಾಲರ್ ದಂಡ ತೆರಲು ಸಮ್ಮತಿಸಿತು. ಭಾರತದ ಪಾಲಾಗಿ ದಾಖಲಾದ ಮೊತ್ತ 9,76,630 ಡಾಲರ್. ಕೊಟ್ಟವರು ಒಪ್ಪಿಕೊಂಡ ಲಂಚವನ್ನು ಪಡೆದವರ ವಿಷಯದಲ್ಲಿ ಸಾಬೀತುಪಡಿಸುವುದು ಏಕೆ ಇಷ್ಟು ದುಸ್ತರವಾಯಿತು ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

ಈ ತಪ್ಪೊಪ್ಪಿಗೆಗೆ ಕಾರಣವಾದ ಶಾಸನದ ಮೂಲವನ್ನು ಮೊದಲು ಗಮನಿಸಬೇಕು. 1974ರ ಆಗಸ್ಟ್ 9ರಂದು ರಾಜೀನಾಮೆ ನೀಡಿದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ಆಪ್ತವಲಯದ ಮೇಲೆ ನಡೆದ ವಾಟರ್‌ಗೇಟ್ ತನಿಖೆಯು, ಮಾಜಿ ಅಟಾರ್ನಿ ಜನರಲ್ ಜಾನ್ ಮಿಚೆಲ್ ಮತ್ತು ಶ್ವೇತಭವನದ ಹಿರಿಯ ಅಧಿಕಾರಿ ಎಚ್. ಆರ್. ಹಾಲ್ಡ್‌ಮನ್ ಅವರಂಥವರನ್ನು ಅಪರಾಧಿಗಳ ಸಾಲಿಗೆ ತಂದದ್ದಷ್ಟೇ ಅಲ್ಲ, ನಿಕ್ಸನ್ ಅವರ ಮರುಚುನಾವಣೆಯ ನಿಧಿಗೆ ದೊಡ್ಡ ಕಂಪನಿಗಳು ಲೆಕ್ಕಕ್ಕೆ ಸಿಗದ ಗುಪ್ತ ಹಣದಿಂದ ಅಕ್ರಮ ದೇಣಿಗೆ ಕೊಟ್ಟಿದ್ದನ್ನೂ ಬಯಲಿಗೆಳೆಯಿತು. ಅದೇ ಗುಪ್ತ ನಿಧಿಗಳ ಜಾಡು ಹಿಡಿದ ಷೇರು ವಿನಿಮಯ ಆಯೋಗಕ್ಕೆ, ಹಣದ ಒಂದು ಕವಲು ವಿದೇಶಿ ಸರ್ಕಾರಗಳ ಅಧಿಕಾರಸ್ಥರತ್ತ ಹರಿದಿರುವುದು ಕಂಡಿತು. 400ಕ್ಕೂ ಹೆಚ್ಚು ಕಂಪನಿಗಳು 30 ಕೋಟಿ ಡಾಲರಿಗೂ ಮೀರಿದ ಸಂದೇಹಾಸ್ಪದ ಪಾವತಿಗಳನ್ನು ಒಪ್ಪಿಕೊಂಡವು. ಲಾಕ್‌ಹೀಡ್ ವಿಮಾನ ಕಂಪನಿಯ ಲಂಚದ ಹಗರಣದಲ್ಲಿ ಜಪಾನಿನ ಮಾಜಿ ಪ್ರಧಾನಿ ಕಾಕುಯೆ ತನಾಕಾ 1976ರಲ್ಲಿ ಬಂಧಿತರಾದರು. ಮರುವರ್ಷದ ಡಿಸೆಂಬರಿನಲ್ಲಿ ವಿದೇಶಿ ಭ್ರಷ್ಟಾಚಾರ ತಡೆ ಕಾಯಿದೆ, ಅಂದರೆ ಅಮೆರಿಕದ ಕಂಪನಿಯೊಂದು ಪರದೇಶದ ಸರ್ಕಾರಿ ಅಧಿಕಾರಿಗೆ ಲಂಚ ಕೊಡುವುದನ್ನೇ ಅಮೆರಿಕದಲ್ಲಿ ಅಪರಾಧವೆಂದು ಸಾರುವ ಶಾಸನ, ಜಾರಿಗೆ ಬಂತು. ಒಬ್ಬ ಅಧ್ಯಕ್ಷರ ಪತನದಿಂದ ಹುಟ್ಟಿದ ಈ ಕಾನೂನು ನಾಲ್ಕು ದಶಕಗಳ ತರುವಾಯ ಗೋವಾದ ನೀರಿನ ಕೊಳವೆಗಳವರೆಗೆ ಬಂದು ಮುಟ್ಟಿತು.

ಮಹದಾಯಿ ವ್ಯಾಜ್ಯದ ಮೂಲಕವೇ ಗೋವಾದ ನೀರಿನ ರಾಜಕಾರಣವನ್ನು ಬಲ್ಲ ಕನ್ನಡ ಓದುಗರಿಗೆ ಈ ಯೋಜನೆ ಅಷ್ಟಾಗಿ ಪರಿಚಿತವಲ್ಲ. ಜಪಾನ್ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯ, ಅಂದರೆ ಜೈಕಾದ, ಸಾಲದ ನೆರವಿನಿಂದ ಕೈಗೊಂಡ ಸುಮಾರು 1,031 ಕೋಟಿ ರೂಪಾಯಿಯ ಈ ಕಾರ್ಯವು ದಕ್ಷಿಣ ಗೋವಾಕ್ಕೆ ನೀರುಣಿಸುವ ಸಾಳಾವಲಿ ಶುದ್ಧೀಕರಣ ಘಟಕದ ವಿಸ್ತರಣೆಯನ್ನೂ ಮಡಗಾಂವ್, ಮಾಪುಸಾ ಮೊದಲಾದೆಡೆಯ ಒಳಚರಂಡಿ ಜಾಲವನ್ನೂ ಒಳಗೊಂಡಿತ್ತು. ಸಲಹಾ ಗುತ್ತಿಗೆ ಪಡೆದ ಒಕ್ಕೂಟದಲ್ಲಿ ಲೂಯಿ ಬರ್ಜರ್ ಪಾಲುದಾರನಾಗಿತ್ತು. ಆ ಕಾಲಕ್ಕೆ ಕಾಂಗ್ರೆಸ್ಸಿನ ದಿಗಂಬರ ಕಾಮತ್ ಮುಖ್ಯಮಂತ್ರಿಯಾಗಿದ್ದರು (2007–2012); ಲೋಕೋಪಯೋಗಿ ಖಾತೆ ಚರ್ಚಿಲ್ ಅಲೆಮಾವ್ ಅವರ ಬಳಿ ಇತ್ತು.

ಅಮೆರಿಕದ ಕಾಗದಪತ್ರಗಳಲ್ಲಿ ಲಂಚ ಎಂಬ ಮಾತು ನೇರವಾಗಿ ಬರುವುದು ತನಿಖಾಧಿಕಾರಿಗಳ ಬರವಣಿಗೆಯಲ್ಲಿ. ಕಂಪನಿಯ ಸ್ವಂತ ಲೆಕ್ಕದಲ್ಲಿ ಅದೇ ಹಣಕ್ಕೆ ‘ಬದ್ಧತಾ ಶುಲ್ಕ’, ‘ದಿನಭತ್ಯೆ’ ಎಂಬ ಹೆಸರುಗಳಿದ್ದವು, ಹೊರಗಿನ ಪೂರೈಕೆದಾರರಿಗೆ ಸಂದಾಯವಾದಂತೆ ನಮೂದುಗಳಿದ್ದವು. ಈ ನಮೂದುಗಳು ಮಾಮೂಲಿ ಖರ್ಚಿನ ವೇಷ ತೊಟ್ಟಿದ್ದವು. ಲಂಚ ಕೊಡುವುದನ್ನಷ್ಟೇ ಅಲ್ಲದೆ, ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳು ಲೆಕ್ಕಪುಸ್ತಕದಲ್ಲಿ ಸುಳ್ಳು ಬರೆಯುವುದನ್ನೂ 1977ರ ಕಾಯಿದೆ ನಿಷೇಧಿಸಿದ್ದು, ಅಂಥ ನಮೂದುಗಳನ್ನು ಓದುವ ಕೌಶಲ ಅಲ್ಲಿನ ತನಿಖಾಧಿಕಾರಿಗಳಲ್ಲಿ ದಶಕಗಳಿಂದ ಬೆಳೆದಿದೆ. ಆದರೂ ಕಂಪನಿ ವಿಚಾರಣೆಯನ್ನು ಎದುರಿಸಲಿಲ್ಲ. ತಪ್ಪೊಪ್ಪಿ, ದಂಡ ತೆತ್ತು, ನಿಗದಿತ ಅವಧಿಯವರೆಗೆ ಸನ್ನಡತೆಯ ಷರತ್ತಿಗೆ ಒಳಪಟ್ಟರೆ ಮೊಕದ್ದಮೆಯನ್ನು ಕೈಬಿಡುವ, ಮುಂದೂಡಿದ ಅಭಿಯೋಜನೆ ಎಂಬ ವ್ಯವಸ್ಥೆ ಅದಕ್ಕೆ ನೆರವಾಯಿತು. ತಪ್ಪೊಪ್ಪಿಕೊಂಡ ಇಬ್ಬರು ಮಾಜಿ ಅಧಿಕಾರಿಗಳಲ್ಲಿ ಜೇಮ್ಸ್ ಮೆಕ್ಲಂಗ್ ಅವರಿಗೆ 2016ರಲ್ಲಿ ಒಂದು ವರ್ಷ ಒಂದು ದಿನದ ಸೆರೆವಾಸವೂ ರಿಚರ್ಡ್ ಹಿರ್ಷ್ ಅವರಿಗೆ ಎರಡು ವರ್ಷಗಳ ನಿಗಾವಣೆ ಮತ್ತು ದಂಡವೂ ವಿಧಿಸಲ್ಪಟ್ಟವು. ಹೀಗೆ ಅಮೆರಿಕದ ಅಧ್ಯಾಯ ಒಂದೇ ವರ್ಷದಲ್ಲಿ ಮುಗಿಯಿತು.

ಗೋವಾದ ಅಧ್ಯಾಯ 2015ರಲ್ಲೇ ಆರಂಭವಾಗಿತ್ತು. ಆ ವೇಳೆಗೆ ಅಧಿಕಾರದಲ್ಲಿದ್ದ ಭಾರತೀಯ ಜನತಾ ಪಕ್ಷದ ಸರ್ಕಾರದ ಅಡಿಯಲ್ಲಿ ಕ್ರೈಂ ಬ್ರ್ಯಾಂಚ್ ಪೊಲೀಸರು ಸುದ್ದಿ ಬಂದ ಕೆಲವೇ ದಿನಗಳಲ್ಲಿ ಎಫ್‌ಐಆರ್ ದಾಖಲಿಸಿದರು; ಆಗಸ್ಟ್ ಮೊದಲ ವಾರದಲ್ಲಿ ಅಲೆಮಾವ್ ಬಂಧಿತರಾದರು, ಕಾಮತ್ ನಿರೀಕ್ಷಣಾ ಜಾಮೀನು ಪಡೆದರು. 2017ರಲ್ಲಿ ಜಾರಿ ನಿರ್ದೇಶನಾಲಯವು ಕಾಮತ್ ಅವರ 1.20 ಕೋಟಿ ಮತ್ತು ಅಲೆಮಾವ್ ಅವರ 75 ಲಕ್ಷ ರೂಪಾಯಿ ಮೌಲ್ಯದ ಆಸ್ತಿಯನ್ನು ತಾತ್ಕಾಲಿಕವಾಗಿ ಮುಟ್ಟುಗೋಲು ಹಾಕಿತು. ಇಬ್ಬರೂ ಆರೋಪವನ್ನು ಅಲ್ಲಗಳೆದು, ಇದು ರಾಜಕೀಯ ಪ್ರೇರಿತವೆಂದರು. ಆರೋಪ ಹೊರಿಸುವುದಕ್ಕೂ ಅಪರಾಧ ಸಾಬೀತಾಗುವುದಕ್ಕೂ ನಡುವಿನ ಅಂತರವನ್ನು ಈ ಪ್ರಕರಣದ ಯಾವ ಚರ್ಚೆಯೂ ಮರೆಯಲಾಗದು.

ಆ ಅಂತರದ ಕಾನೂನು ಸ್ವರೂಪವೇ ಇಲ್ಲಿನ ಮುಖ್ಯ ವಿಚಾರ. ಅಮೆರಿಕದ ಒಪ್ಪಂದವು ಕೊಟ್ಟವನ ಕೃತ್ಯವನ್ನು ಸ್ಥಾಪಿಸುತ್ತದೆಯೇ ಹೊರತು ಪಡೆದವರ ಹೆಸರನ್ನು ಹೇಳುವುದಿಲ್ಲ. ಲಂಚ ಪಡೆಯುವುದು ಆ ಕಾಯಿದೆಯ ಅಡಿ ಅಪರಾಧವೇ ಅಲ್ಲ. ಭಾರತದಲ್ಲಿ 1988ರ ಭ್ರಷ್ಟಾಚಾರ ತಡೆ ಕಾಯಿದೆಯಂತೆ ಬೇಡಿಕೆ ಮತ್ತು ಸ್ವೀಕಾರ ಎಂಬೆರಡು ಅಂಶಗಳನ್ನು ನಿರ್ದಿಷ್ಟ ವ್ಯಕ್ತಿಯ ವಿರುದ್ಧ ಸಾಬೀತುಪಡಿಸಬೇಕು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು 2022ರ ಡಿಸೆಂಬರಿನಲ್ಲಿ ನೀರಜ್ ದತ್ತಾ ಪ್ರಕರಣದಲ್ಲಿ, ದೂರುದಾರ ಸತ್ತರೂ ಪ್ರತಿಕೂಲ ಸಾಕ್ಷಿಯಾದರೂ ಸಾಂದರ್ಭಿಕ ಸಾಕ್ಷ್ಯದಿಂದ ಈ ಅಂಶಗಳನ್ನು ರುಜುಪಡಿಸಬಹುದೆಂದು ಸ್ಪಷ್ಟಪಡಿಸಿತಾದರೂ, ರುಜುವಾತಿನ ಹೊರೆಯನ್ನು ಕಡಿಮೆ ಮಾಡಲಿಲ್ಲ. ಹಣದ ಅಕ್ರಮ ವರ್ಗಾವಣೆಯ ಮೊಕದ್ದಮೆಯೂ ಸ್ವತಂತ್ರವಾಗಿ ನಿಲ್ಲಲಾರದು; ಮೂಲ ಅಪರಾಧದಲ್ಲಿ ಆರೋಪಿ ಖುಲಾಸೆಯಾದರೆ ಅದೂ ಬೀಳುತ್ತದೆಂದು ಅದೇ ನ್ಯಾಯಾಲಯ ಅದೇ ವರ್ಷದ ಜುಲೈನಲ್ಲಿ ವಿಜಯ್ ಮದನ್‌ಲಾಲ್ ಚೌಧರಿ ತೀರ್ಪಿನಲ್ಲಿ ಹೇಳಿದೆ. ಅಮೆರಿಕದಲ್ಲಿರುವ ದಾಖಲೆ ಮತ್ತು ಸಾಕ್ಷಿಗಳನ್ನು ಇಲ್ಲಿನ ನ್ಯಾಯಾಲಯದ ಮುಂದೆ ತರಲು 2001ರಲ್ಲಿ ಸಹಿಯಾದ ಪರಸ್ಪರ ಕಾನೂನು ನೆರವಿನ ಒಪ್ಪಂದವಿದ್ದರೂ, ಅದರ ಮಾರ್ಗ ಎರಡೂ ದೇಶಗಳ ಕೇಂದ್ರ ಸರ್ಕಾರಗಳ ಮೂಲಕ ಹಾಯುವುದರಿಂದ ರಾಜ್ಯದ ಪೊಲೀಸರ ಹಿಡಿತದಲ್ಲಿರುವುದಿಲ್ಲ.

ಈ ನಡುವೆ ರಾಜಕಾರಣ ನಿಲ್ಲಲಿಲ್ಲ. ಅಲೆಮಾವ್ 2017ರಲ್ಲಿ ಬಾಣಾವಲಿಯಿಂದ ಶಾಸಕರಾದರು. ವಿರೋಧ ಪಕ್ಷದ ನಾಯಕರೂ ಆಗಿದ್ದ ಕಾಮತ್, 2022ರ ಸೆಪ್ಟೆಂಬರ್ 14ರಂದು ಇತರ ಏಳು ಕಾಂಗ್ರೆಸ್ ಶಾಸಕರೊಡನೆ, ತಮ್ಮ ವಿರುದ್ಧ ತನಿಖೆ ಆರಂಭವಾದಾಗ ಆಳುತ್ತಿದ್ದ ಪಕ್ಷವನ್ನೇ ಸೇರಿ, 2025ರ ಆಗಸ್ಟಿನಲ್ಲಿ ಸಚಿವರಾದರು. ಪಕ್ಷಾಂತರಕ್ಕೂ ಮೊಕದ್ದಮೆಯ ಗತಿಗೂ ಸಂಬಂಧ ಕಲ್ಪಿಸಲು ಆಧಾರ ಬೇಕು, ಅದಿಲ್ಲದೆ ಹೇಳುವುದು ಸಲ್ಲದು. ಆದರೆ ತನಿಖೆ ನಡೆಸುವ ಸರ್ಕಾರವೂ ತನಿಖೆಗೆ ಒಳಗಾದವರೂ ಒಂದೇ ಸಂಪುಟದಲ್ಲಿ ಕೂರಬಹುದಾದ ವ್ಯವಸ್ಥೆಯಲ್ಲಿ ತನಿಖೆಯ ಸ್ವಾತಂತ್ರ್ಯವನ್ನು ಕಾಯುವವರು ಯಾರು ಎಂಬುದು ನ್ಯಾಯವಾದ ಆತಂಕ.

ಕರ್ನಾಟಕದಲ್ಲಿ 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಗಣಿ ವರದಿಯು ಮುಖ್ಯಮಂತ್ರಿ ಯಡಿಯೂರಪ್ಪ ಅವರ ರಾಜೀನಾಮೆಗೆ ದಾರಿ ಮಾಡಿತ್ತು. ಸಂಬಂಧಿತ ಪ್ರಕರಣದಲ್ಲಿ 2016ರಲ್ಲಿ ಅವರು ಖುಲಾಸೆಯಾದರಾದರೂ, ರಾಜ್ಯದ ಸ್ವಂತ ಸಂಸ್ಥೆಯೊಂದು ಅಧಿಕಾರಸ್ಥರನ್ನು ಪ್ರಶ್ನಿಸಿದ್ದು ದಾಖಲೆಯಾಗಿ ಉಳಿಯಿತು. ಗೋವಾದಲ್ಲಿ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಪಿ. ಕೆ. ಮಿಶ್ರಾ ಅವರು 2020ರಲ್ಲಿ ನಿವೃತ್ತರಾಗುವಾಗ, ತಾವು ಕೊಟ್ಟ 21 ವರದಿಗಳಲ್ಲಿ ಒಂದರ ಮೇಲೂ ಸರ್ಕಾರ ಕ್ರಮ ಕೈಗೊಳ್ಳಲಿಲ್ಲವೆಂದು ನೋವಿನಿಂದ ಹೇಳಿದರು. ಇಂಥ ರಾಜ್ಯವು ತನ್ನ ಭ್ರಷ್ಟಾಚಾರದ ಅರಿವಿಗೆ ಪರದೇಶದ ಅಭಿಯೋಜಕರನ್ನು ನೆಚ್ಚುವುದು ಅಪಾಯಕರ. ಆ ನೆಚ್ಚಿಕೆಗೂ ಈಗ ಪೆಟ್ಟು ಬಿದ್ದಿದೆ: 2025ರ ಫೆಬ್ರವರಿ 10ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ 1977ರ ಕಾಯಿದೆಯ ಜಾರಿಯನ್ನು ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದರು, ಜೂನಿನಲ್ಲಿ ಬಂದ ಹೊಸ ಮಾರ್ಗಸೂಚಿಯು ಅಮೆರಿಕದ ಕಂಪನಿಗಳ ಹಿತಕ್ಕೆ ಧಕ್ಕೆ ತರುವ ಪ್ರಕರಣಗಳಿಗೆ ಆದ್ಯತೆ ನೀಡಿತು.

ಭಾರತದ ಶಾಸನವೂ ಇದೇ ಅವಧಿಯಲ್ಲಿ ಬದಲಾಗಿದೆ. 2018ರ ತಿದ್ದುಪಡಿಯು ಲಂಚ ಕೊಡುವ ವಾಣಿಜ್ಯ ಸಂಸ್ಥೆಯನ್ನೂ ನೇರವಾಗಿ ಹೊಣೆಗಾರನನ್ನಾಗಿಸಿದ್ದು ಸ್ವಾಗತಾರ್ಹ. ಆದರೆ ಅದೇ ತಿದ್ದುಪಡಿ ಸೇರಿಸಿದ 17ಎ ಪ್ರಕರಣದಂತೆ, ಸಾರ್ವಜನಿಕ ಸೇವಕರು ಕರ್ತವ್ಯದಲ್ಲಿ ಮಾಡಿದ ಶಿಫಾರಸು ಅಥವಾ ಕೈಗೊಂಡ ನಿರ್ಧಾರಕ್ಕೆ ಸಂಬಂಧಿಸಿದ ಅಪರಾಧವನ್ನು ವಿಚಾರಿಸಲು ಸರ್ಕಾರದ ಅಥವಾ ಅವರನ್ನು ಹುದ್ದೆಯಿಂದ ತೆಗೆಯುವ ಅಧಿಕಾರವುಳ್ಳವರ ಪೂರ್ವಾನುಮತಿ ಬೇಕು; ಅನುಮತಿಯ ನಿರ್ಧಾರಕ್ಕೆ ಮೂರು ತಿಂಗಳು, ಕಾರಣ ಬರೆದಿಟ್ಟರೆ ಮತ್ತೊಂದು ತಿಂಗಳು ಕಾಲಾವಕಾಶವಿದೆ. 2015ರಲ್ಲಿ ಗೋವಾ ಪೊಲೀಸರು ದಿನಗಳಲ್ಲಿ ಇಟ್ಟ ಹೆಜ್ಜೆಯನ್ನು ಇಂದು ಇಡಬೇಕಾದರೆ, ಗುತ್ತಿಗೆಯ ತೀರ್ಮಾನಗಳಿಗೆ ಸಹಿ ಹಾಕಿದವರು ಸೇವೆ ಸಲ್ಲಿಸಿದ್ದ ಅದೇ ಸರ್ಕಾರದ ಬಾಗಿಲಲ್ಲಿ ಅವರು ಮೊದಲು ಅನುಮತಿ ಕೋರಿ ಅರ್ಜಿ ಹಾಕಬೇಕಾಗುತ್ತದೆ.