ಹಸಿರು ಹಾವಿನ ಬೆನ್ನುಹತ್ತಿ ಎರಡು ಶತಮಾನ

ಪಶ್ಚಿಮ ಘಟ್ಟದ ತೋಟ, ಬೇಲಿ, ಕಾಡಂಚುಗಳಲ್ಲಿ ಹಸಿರು ಹಾವನ್ನು ಕಾಣದವರು ಕಡಿಮೆ. ಸಪೂರ ಮೈ, ಚೂಪು ಮೂತಿ, ಎಲೆಯ ಬಣ್ಣ. ಹಾರಿ ಕಣ್ಣಿಗೇ ಕುಕ್ಕುತ್ತದೆ ಎಂಬ ಹೆದರಿಕೆಯಿಂದ ಅದನ್ನು ಕಂಡಲ್ಲೇ ಬಡಿಯುವವರೂ ಇದ್ದಾರೆ. ಇಷ್ಟು ಪರಿಚಿತವಾದ ಈ ಹಾವು ಒಂದೇ ಪ್ರಭೇದವಲ್ಲ, ಹಲವು ಎಂಬುದು ಖಚಿತವಾದದ್ದು ಮಾತ್ರ 2020ರಲ್ಲಿ. ಅಷ್ಟು ತಡವಾದದ್ದೇಕೆ ಎಂದು ಕೇಳಿದರೆ ನಮ್ಮ ಸರ್ಪವಿಜ್ಞಾನ ನಡೆದುಬಂದ ದಾರಿಯೇ ತೆರೆದುಕೊಳ್ಳುತ್ತದೆ.

ಆರಂಭದ ಆಸಕ್ತಿ ವಿಷದ ಕುರಿತಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ವೈದ್ಯ ಪ್ಯಾಟ್ರಿಕ್ ರಸೆಲ್ ಕೋರಮಂಡಲ ಕರಾವಳಿಯ ಹಾವುಗಳ ಸಚಿತ್ರ ಗ್ರಂಥವನ್ನು 1796ರಲ್ಲಿ ಹೊರತಂದರು. ಯಾವುದು ಕೊಲ್ಲುತ್ತದೆ, ಯಾವುದು ಕೊಲ್ಲುವುದಿಲ್ಲ ಎಂದು ಜನರಿಗೆ ತಿಳಿಸುವುದು ಅವರ ಉದ್ದೇಶ. ಹಸಿರು ಹಾವಿನ ಚಿತ್ರವೂ ಅದರಲ್ಲಿತ್ತು. ಬಳಿಕ ಹೆಸರಿಡುವವರ ಕಾಲ ಬಂತು. 1825ರಲ್ಲಿ ಥಾಮಸ್ ಬೆಲ್ ‘ಆಕ್ಸಿರಿಂಕ’ ಎಂಬ ಹಸಿರು ಹಾವನ್ನು, 1864ರಲ್ಲಿ ಆಲ್ಬರ್ಟ್ ಗುಂಥರ್ ಆನೆಮಲೆ ಭಾಗದ ‘ಡಿಸ್ಪಾರ್’ ಅನ್ನು ವಿವರಿಸಿದರು. 1910ರಲ್ಲಿ ಸೇನಾ ವೈದ್ಯ ಫ್ರಾಂಕ್ ವಾಲ್ ಇನ್ನೊಂದು ಬಗೆಗೆ ‘ಇಸಬೆಲಿನ’ ಎಂಬ ಹೆಸರು ಕೊಟ್ಟರು.

ಇವರೆಲ್ಲರ ಪಾಂಡಿತ್ಯ ದೊಡ್ಡದು. ಆದರೆ ಕೈಯಲ್ಲಿದ್ದದ್ದು ಬಹುಪಾಲು ಸತ್ತ ಹಾವು. ಮದ್ಯಸಾರದಲ್ಲಿಟ್ಟರೆ ಚರ್ಮದ ಹಳದಿ ವರ್ಣಕ ಕರಗಿಹೋಗಿ ಹಸಿರು ಮೈ ನೀಲಿಗೆ ತಿರುಗುತ್ತದೆ. ಬಣ್ಣ ಹೋದ ಮೇಲೆ ಉಳಿಯುವುದು ಹುರುಪೆಗಳ ಲೆಕ್ಕ. ಆ ಲೆಕ್ಕದಲ್ಲಿ ಒಂದು ಕಾಡಿನ ಹಾವಿಗೂ ಇನ್ನೊಂದು ಕಾಡಿನ ಹಾವಿಗೂ ಹೆಚ್ಚಿನ ಅಂತರ ಕಾಣಲಿಲ್ಲ. ಹೀಗೆ ಶ್ರೀಲಂಕಾದಿಂದ ಸಹ್ಯಾದ್ರಿಯವರೆಗಿನ ಬಹುತೇಕ ಹಸಿರು ಹಾವುಗಳು ‘ಅಹೇಟುಲ್ಲ ನಸುಟ’ ಎಂಬ ಒಂದೇ ಹೆಸರಿನಡಿ ದಶಕಗಟ್ಟಲೆ ಉಳಿದವು.

ಜೀವಂತ ಹಾವಿನ ವಿಸ್ಮಯ ಬೇರೆಯೇ. ಅಮೆರಿಕದ ಗಾರ್ಡನ್ ವಾಲ್ಸ್ 1942ರಲ್ಲಿ ಕಶೇರುಕಗಳ ಕಣ್ಣಿನ ಬಗ್ಗೆ ಬರೆದ ಮಹಾಗ್ರಂಥ ಹಸಿರು ಹಾವಿನಂಥ ಬಳ್ಳಿಹಾವುಗಳ ದೃಷ್ಟಿಯತ್ತ ಗಮನ ಸೆಳೆಯಿತು. ಹೆಚ್ಚಿನ ಹಾವುಗಳಲ್ಲಿ ಪಾಪೆ ಗುಂಡಗೆ ಅಥವಾ ಉದ್ದಗೆ ಸೀಳಿದಂತಿರುತ್ತದೆ. ಹಸಿರು ಹಾವಿನದ್ದು ಅಡ್ಡಡ್ಡ, ಬೀಗದ ಕಿಂಡಿಯಂತೆ. ಕಣ್ಣಿನ ಮುಂದಿನಿಂದ ಮೂತಿಯ ತುದಿಯತ್ತ ಎರಡೂ ಕಡೆ ಒಂದೊಂದು ತಗ್ಗು. ಆ ತಗ್ಗಿನ ಮೂಲಕ ಎರಡೂ ಕಣ್ಣು ಒಟ್ಟಿಗೆ ಮುಂದಕ್ಕೆ ನೋಡುತ್ತವೆ. ಅಕ್ಷಿಪಟದಲ್ಲಿ ನೋಟ ಮೊನಚಾಗುವ ಒಂದು ಚಿಕ್ಕ ಕುಳಿಯೂ ಇದೆ. ಹಾವುಗಳಲ್ಲಿ ಇದು ಅಪರೂಪ. ಎಲೆಗಳ ನಡುವೆ ಅಲುಗಾಡದೆ ಕುಳಿತ ಓತಿಕ್ಯಾತವೋ ಕಪ್ಪೆಯೋ ಎಷ್ಟು ದೂರದಲ್ಲಿದೆ ಎಂದು ಅಳೆಯಲು ಇವೆಲ್ಲ ನೆರವಾಗುತ್ತವೆ. ಬೇಟೆಯನ್ನು ಕಚ್ಚಿ ಹಿಡಿದು, ಬಾಯಿಯ ಹಿಂಭಾಗದ ಹಲ್ಲುಗಳಿಂದ ಸೌಮ್ಯ ವಿಷ ಇಳಿಸುತ್ತದೆ. ಮನುಷ್ಯರಿಗೆ ಅದರಿಂದ ಪ್ರಾಣಾಪಾಯವಿಲ್ಲ. ಕೆಣಕಿದರೆ ಮೈ ಉಬ್ಬಿಸುತ್ತದೆ. ಆಗ ಹುರುಪೆಗಳ ಸಂದಿನಲ್ಲಿ ಅಡಗಿದ್ದ ಕಪ್ಪು-ಬಿಳಿ ಚರ್ಮ ಹೊರಗೆ ಕಾಣುತ್ತದೆ. ಮೊಟ್ಟೆಯಿಡದೆ ಮರಿ ಹಾಕುವ ಹಾವು ಇದು.

ಮೂರನೆಯ ತಿರುವು ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್, ಅಶೋಕ್ ಮಲ್ಲಿಕ್ ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಉದ್ದಕ್ಕೂ, ಬೇರೆ ಬೇರೆ ಎತ್ತರಗಳಲ್ಲಿ ಹಾವುಗಳನ್ನು ಸಮೀಕ್ಷಿಸಿ ದೇಹರಚನೆಯ ಜೊತೆಗೆ ಡಿಎನ್‌ಎಯನ್ನೂ ಓದಿದರು. ಮೊದಲ ಫಲ 2019ರಲ್ಲಿ: ಅಗಸ್ತ್ಯಮಲೆಯ ‘ಪ್ರೊಅಹೇಟುಲ್ಲ ಆಂಟಿಕ’. ಇದು ತನ್ನ ಹತ್ತಿರದ ಬಂಧುಗಳಿಂದ ಸುಮಾರು 2.6 ಕೋಟಿ ವರ್ಷಗಳ ಹಿಂದೆಯೇ ಕವಲೊಡೆದ ಪ್ರಾಚೀನ ವಂಶ. ಮರುವರ್ಷ ‘ನಸುಟ’ದ ಗಂಟು ಬಿಚ್ಚಿಕೊಂಡಿತು. ಆ ಹೆಸರು ಶ್ರೀಲಂಕಾದ ಹಾವಿಗಷ್ಟೇ ಉಳಿಯಿತು. ಘಟ್ಟದ ಮಳೆಕಾಡಿನಲ್ಲಿ ಉತ್ತರಕ್ಕೆ ‘ಬೊರಿಯಾಲಿಸ್’, ಕರ್ನಾಟಕದ ನಡುಘಟ್ಟಕ್ಕೆ ‘ಫಾರ್ನ್ಸ್‌ವರ್ತಿ’, ಕೇರಳದ ಭಾಗಕ್ಕೆ ‘ಮಲಬಾರಿಕ’ ಎಂಬ ಹೊಸ ಹೆಸರುಗಳು ಬಂದವು. ವಾಲ್ ಕೊಟ್ಟಿದ್ದ ‘ಇಸಬೆಲಿನ’ಕ್ಕೆ ಮರುಜೀವ ಬಂತು. ಬಯಲುಸೀಮೆಯ ಉದ್ದಮೂತಿಯ ದೊಡ್ಡ ಹಾವಿಗೆ ಬೆಲ್ ಇಟ್ಟ ಹೆಸರೇ ಮರಳಿತು. ಗಾತ್ರ, ರೂಪಗಳಲ್ಲಿ ಹೋಲುವ ಈ ಮಳೆಕಾಡಿನ ಹಾವುಗಳನ್ನು ಬೇರ್ಪಡಿಸಿದ್ದು ಕಣಿವೆ, ಕಂದರಗಳಂಥ ನೈಸರ್ಗಿಕ ತಡೆಗಳು.

ಇದರಿಂದ ಪಟ್ಟಿ ಬೆಳೆದದ್ದಷ್ಟೇ ಅಲ್ಲ, ಹಳೆಯ ಜ್ಞಾನದ ಬೆಲೆಯೇ ಬದಲಾಯಿತು. ಆಹಾರ, ಮರಿ ಹಾಕುವ ಕಾಲ, ಮರಿಗಳ ಸಂಖ್ಯೆ ಎಂದು ‘ನಸುಟ’ದ ಹೆಸರಿನಲ್ಲಿ ದಾಖಲಾದದ್ದನ್ನೆಲ್ಲ ಈಗ ಯಾವ ಹಾವಿನದ್ದು ಎಂದು ಕೇಳಿಯೇ ಓದಬೇಕು. ನೋಡಿದ ಊರು, ಎತ್ತರ ಬರೆದಿಟ್ಟ ಟಿಪ್ಪಣಿ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಬರಿಯ ‘ದಕ್ಷಿಣ ಭಾರತ’ ಎಂದು ಬರೆದದ್ದು ಬರುವುದಿಲ್ಲ. ಸಂರಕ್ಷಣೆಯ ಲೆಕ್ಕವೂ ಅಷ್ಟೇ. ಇಡೀ ದಕ್ಷಿಣ ಭಾರತದಲ್ಲಿ ಹರಡಿದೆ ಎಂದುಕೊಂಡಿದ್ದ ಹಾವು ಕೆಲವೇ ಬೆಟ್ಟಸಾಲುಗಳದ್ದು ಎಂದಾದರೆ, ಅಲ್ಲಿನ ಕಾಡು ಸೀಳುವ ಪ್ರತಿ ರಸ್ತೆ ಆ ಪ್ರಭೇದಕ್ಕೆ ದೊಡ್ಡ ಪೆಟ್ಟು. ಕೊಂಬೆಯಿಂದ ಕೊಂಬೆಗೆ ದಾಟುವ ಜೀವಿಗೆ ಮೇಲಿನ ಹಸಿರು ಚಪ್ಪರ ಹರಿದರೆ ನೆಲಕ್ಕಿಳಿಯದೆ ಗತಿಯಿಲ್ಲ.

ಹಾಗಾಗಿ ಈ ಕ್ಷೇತ್ರದ ಮುಂದಿನ ಕೆಲಸ ಪ್ರಯೋಗಾಲಯದಲ್ಲಷ್ಟೇ ಮುಗಿಯುವಂಥದ್ದಲ್ಲ. ಮಲೆನಾಡಿನ ತೋಟದವರು, ಶಾಲಾ ಮಕ್ಕಳು, ಅರಣ್ಯ ಸಿಬ್ಬಂದಿ ದೂರದಿಂದ ತೆಗೆದ ಒಂದು ಫೋಟೋಗೆ ದಿನಾಂಕ, ಜಾಗ, ಹಾವು ತಿನ್ನುತ್ತಿದ್ದುದೇನು ಎಂಬ ವಿವರ ಸೇರಿಸಿಟ್ಟರೆ, ಈ ಐದಾರು ಹೆಸರುಗಳಿಗೆ ಒಂದೊಂದೇ ಜೀವನಚರಿತ್ರೆ ಕೂಡಿಕೊಳ್ಳುತ್ತದೆ.