ಎಜುಕೇಟಿಂಗ್ ರೀಟಾ (ನಾಟಕ)

ಎಜುಕೇಟಿಂಗ್ ರೀಟಾ ಬ್ರಿಟನ್ನಿನ ನಾಟಕಕಾರ ವಿಲ್ಲಿ ರಸೆಲ್ ಅವರು ರಚಿಸಿದ, ಎರಡು ಅಂಕಗಳ ಇಂಗ್ಲಿಷ್ ನಾಟಕ. ಇದು 1980ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡಿತು. ಕೇಶಾಲಂಕಾರದ ಅಂಗಡಿಯಲ್ಲಿ ದುಡಿಯುವ ಇಪ್ಪತ್ತಾರು ವರ್ಷದ ವಿವಾಹಿತೆಯೊಬ್ಬಳು ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಸಾಹಿತ್ಯದ ಅಧ್ಯಯನಕ್ಕೆ ತೊಡಗುತ್ತಾಳೆ. ಆ ಕಲಿಕೆ ಅವಳ ಮಾತು, ಉಡುಪು, ಮನೆ, ಕೊನೆಗೆ ಹೆಸರನ್ನೂ ಬದಲಿಸುತ್ತದೆ. ಅವಳಿಗೂ ಅವಳ ಅಧ್ಯಾಪಕನಿಗೂ ಇದ್ದ ಸಂಬಂಧವನ್ನು ತಲೆಕೆಳಗು ಮಾಡುತ್ತದೆ. ಇದೇ ನಾಟಕದ ವಸ್ತು. ರಂಗದ ಮೇಲೆ ಕಾಣಿಸಿಕೊಳ್ಳುವ ಪಾತ್ರಗಳು ಎರಡೇ; ಕ್ರಿಯೆ ನಡೆಯುವ ಸ್ಥಳವೂ ಒಂದೇ. ನಾಟಕವನ್ನು ಹಾಸ್ಯನಾಟಕಗಳ ಸಾಲಿನಲ್ಲಿ ಸೇರಿಸುವುದು ವಾಡಿಕೆ. ಆದರೆ ಅದರ ಎರಡನೆಯ ಅಂಕದಲ್ಲಿ ನಗು ಕ್ರಮೇಣ ಕಡಿಮೆಯಾಗುತ್ತಾ ಹೋಗುತ್ತದೆ.

ಹಿನ್ನೆಲೆ

ವಿಲ್ಲಿ ರಸೆಲ್ 1947ರಲ್ಲಿ ಲಿವರ್‌ಪೂಲ್ ಸಮೀಪದ ವಿಸ್ಟನ್ ಎಂಬಲ್ಲಿ ಕಾರ್ಮಿಕ ವರ್ಗದ ಕುಟುಂಬವೊಂದರಲ್ಲಿ ಜನಿಸಿದರು. ಹದಿನೈದನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟು ಮಹಿಳೆಯರ ಕೇಶಾಲಂಕಾರದ ವೃತ್ತಿಯನ್ನು ಹಿಡಿದು, ಕೆಲವು ವರ್ಷ ಅದರಲ್ಲಿಯೇ ದುಡಿದರು. ಅನಂತರ ಮತ್ತೆ ಓದಿಗೆ ಮರಳಿ ತರಬೇತಿ ಪಡೆದು ಶಾಲಾ ಶಿಕ್ಷಕರಾದರು. ಹೀಗೆ ನಾಟಕದ ನಾಯಕಿ ನಡೆಯುವ ದಾರಿಯನ್ನು ನಾಟಕಕಾರರು ಸ್ವತಃ ನಡೆದು ಬಂದಿದ್ದರು. ಓದಿಗಾಗಿ ಹಂಬಲಿಸುವವರನ್ನು ಸುತ್ತಲಿನವರು ನೋಡುವ ಬಗೆ, ತಡವಾಗಿ ಪುಸ್ತಕ ಹಿಡಿದವರಿಗೆ ಉಂಟಾಗುವ ಸಂಕೋಚ, ಇವುಗಳ ವಿವರಗಳು ನಾಟಕದಲ್ಲಿ ನಿಖರವಾಗಿರುವುದಕ್ಕೆ ಇದು ಕಾರಣವೆನ್ನಬಹುದು.

ನಾಟಕಕ್ಕೆ ಸಂದರ್ಭವನ್ನು ಒದಗಿಸಿದ್ದು ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ. ಹೆರಾಲ್ಡ್ ವಿಲ್ಸನ್ ಅವರ ಲೇಬರ್ ಸರ್ಕಾರದ ಕಾಲದಲ್ಲಿ, ಸಚಿವೆ ಜೆನ್ನಿ ಲೀ ಅವರ ಪ್ರಯತ್ನದಿಂದ ರೂಪುಗೊಂಡ ಈ ಸಂಸ್ಥೆ 1969ರಲ್ಲಿ ಸನ್ನದು ಪಡೆದು, 1971ರಲ್ಲಿ ಮೊದಲ ವಿದ್ಯಾರ್ಥಿಗಳಿಗೆ ಪಾಠ ಆರಂಭಿಸಿತು. ಸೇರುವವರಿಗೆ ಹಿಂದಿನ ಯಾವ ಪರೀಕ್ಷೆಯ ಅಂಕಪಟ್ಟಿಯೂ ಬೇಕಿರಲಿಲ್ಲ. ಅಂಚೆಯಲ್ಲಿ ಬರುವ ಪಾಠಗಳು, ಬಿಬಿಸಿಯ ರೇಡಿಯೊ ಮತ್ತು ದೂರದರ್ಶನದ ಕಾರ್ಯಕ್ರಮಗಳು, ಅಧ್ಯಾಪಕರ ಭೇಟಿ, ಬೇಸಿಗೆಯಲ್ಲಿ ನಡೆಯುವ ವಸತಿ ಶಿಬಿರ, ಇವು ಅಲ್ಲಿನ ಬೋಧನೆಯ ಅಂಗಗಳಾಗಿದ್ದವು. ಕರ್ನಾಟಕದಲ್ಲಿ ಅಂಚೆ ಮತ್ತು ತೆರಪಿನ ಶಿಕ್ಷಣದ ಮೂಲಕ, 1996ರಿಂದ ಈಚೆಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಪದವಿ ಪಡೆದವರಿಗೆ ಈ ಏರ್ಪಾಡು ಅಪರಿಚಿತವೆನಿಸದು. ಆದರೆ ಇಲ್ಲಿನ ಸಂಪರ್ಕ ತರಗತಿಗಳಲ್ಲಿ ಹಲವರು ಒಟ್ಟಿಗೆ ಕುಳಿತು ಪಾಠ ಕೇಳುತ್ತಾರೆ. ನಾಟಕದಲ್ಲಿ ಕಾಣುವುದು ಒಬ್ಬ ಅಧ್ಯಾಪಕ, ಒಬ್ಬಳೇ ವಿದ್ಯಾರ್ಥಿನಿ, ವಾರ ವಾರವೂ ಎದುರುಬದುರಿನ ಭೇಟಿ. ನಾಟಕದ ಬಿಗಿಯೆಲ್ಲ ಈ ಏಕಾಂತದಿಂದಲೇ ಹುಟ್ಟುತ್ತದೆ.

ಕಥಾಸಾರ

ಉತ್ತರ ಇಂಗ್ಲೆಂಡಿನ ವಿಶ್ವವಿದ್ಯಾನಿಲಯವೊಂದರ ಹಳೆಯ ಕಟ್ಟಡದಲ್ಲಿ ಫ್ರ್ಯಾಂಕ್ ಎಂಬ ಅಧ್ಯಾಪಕನ ಕೋಣೆಯಿದೆ. ಐವತ್ತು ದಾಟಿದ ಈತ ಒಂದು ಕಾಲದಲ್ಲಿ ಕವಿ. ಈಗ ಬರೆಯುವುದನ್ನು ನಿಲ್ಲಿಸಿ ಕುಡಿತಕ್ಕೆ ದಾಸನಾಗಿದ್ದಾನೆ. ಬಾಟಲಿಗಳನ್ನು ಕಪಾಟಿನ ಪುಸ್ತಕಗಳ ಹಿಂದೆ ಅಡಗಿಸಿಡುತ್ತಾನೆ. ಮುಕ್ತ ವಿಶ್ವವಿದ್ಯಾನಿಲಯದ ಪಾಠವನ್ನು ಒಪ್ಪಿಕೊಂಡಿರುವುದೂ ಕುಡಿತದ ಖರ್ಚಿಗಾಗಿಯೇ. ಅವನ ಕೋಣೆಯ ಬಾಗಿಲಿನ ಹಿಡಿ ಕೆಟ್ಟು ಬಿಗಿದುಕೊಂಡಿದೆ. ರೀಟಾ ಮೊದಲ ದಿನ ಆ ಬಾಗಿಲನ್ನು ಗುದ್ದಾಡಿ ತೆರೆದು ಒಳಗೆ ಬರುತ್ತಾಳೆ. ಮುಂದಿನ ಭೇಟಿಗೆ ಬರುವಾಗ ಎಣ್ಣೆಯ ಡಬ್ಬಿ ತಂದು ಹಿಡಿಗೆ ತಾನೇ ಎಣ್ಣೆ ಹಾಕುತ್ತಾಳೆ. ಫ್ರ್ಯಾಂಕ್ ವರ್ಷಗಟ್ಟಲೆ ಆ ಕೆಲಸ ಮಾಡಿಸಿರಲಿಲ್ಲ.

ರೀಟಾಳಿಗೆ ಎಲ್ಲವನ್ನೂ ತಿಳಿಯಬೇಕೆಂಬ ಆಸೆ. ಅವಳ ಗಂಡ ಡೆನ್ನಿಗೆ ಮಗು ಬೇಕು. ಆಕೆ ಗುಟ್ಟಾಗಿ ಗರ್ಭನಿರೋಧಕ ಮಾತ್ರೆ ನುಂಗುತ್ತಾ, ತಾಯಿಯಾಗುವ ಮೊದಲು ತಾನು ಯಾರೆಂಬುದನ್ನು ಕಂಡುಕೊಳ್ಳಬೇಕು ಎಂದುಕೊಳ್ಳುತ್ತಾಳೆ. ಇದು ತಿಳಿದಾಗ ಡೆನ್ನಿ ಅವಳ ಪುಸ್ತಕ ಮತ್ತು ಬರಹಗಳನ್ನು ಸುಟ್ಟುಹಾಕುತ್ತಾನೆ. ಓದು ಅಥವಾ ಸಂಸಾರ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದಾಗ ರೀಟಾ ಪೆಟ್ಟಿಗೆ ಹಿಡಿದು ಮನೆ ಬಿಟ್ಟು ಬರುತ್ತಾಳೆ. ಡೆನ್ನಿಯನ್ನು ನಾಟಕವು ಖಳನನ್ನಾಗಿ ಚಿತ್ರಿಸಿಲ್ಲ ಎಂಬುದು ಗಮನಾರ್ಹ. ತಾನು ಮದುವೆಯಾದ ಹೆಣ್ಣು ಕಣ್ಣೆದುರಿಗೇ ಮತ್ತೊಬ್ಬಳಾಗುತ್ತಿದ್ದಾಳೆ ಎಂಬುದು ಅವನ ಸಂಕಟ, ಮತ್ತು ಅವನ ಗ್ರಹಿಕೆಯಲ್ಲಿ ತಪ್ಪೇನೂ ಇಲ್ಲ.

ಎರಡನೆಯ ಅಂಕದಲ್ಲಿ ರೀಟಾ ಲಂಡನ್ನಿನ ಬೇಸಿಗೆ ಶಿಬಿರವನ್ನು ಮುಗಿಸಿ, ಹೊಸ ಉಡುಪು ತೊಟ್ಟು ಹಿಂದಿರುಗುತ್ತಾಳೆ. ಫ್ರ್ಯಾಂಕ್ ಉತ್ಸಾಹದಿಂದ ಬ್ಲೇಕ್ ಕವಿಯನ್ನು ಪಾಠ ಮಾಡಹೊರಟರೆ, ಆಕೆ ಅದನ್ನು ಶಿಬಿರದಲ್ಲಿಯೇ ಓದಿ ಮುಗಿಸಿರುತ್ತಾಳೆ. ಟ್ರಿಶ್ ಎಂಬ ಸುಸಂಸ್ಕೃತ ಗೆಳತಿಯೊಂದಿಗೆ ಅವಳ ವಾಸ. ಹಿಂದೆ ಕಿಟಕಿಯಿಂದ ಆಸೆಗಣ್ಣಿನಿಂದ ನೋಡುತ್ತಿದ್ದ ಹುಲ್ಲುಹಾಸಿನ ಮೇಲಿನ ವಿದ್ಯಾರ್ಥಿಗಳ ಗುಂಪಿನಲ್ಲಿ ಈಗ ಅವಳೂ ಕುಳಿತು ಚರ್ಚಿಸುತ್ತಾಳೆ. ಅಂಗಡಿಯ ಕೆಲಸ ಬಿಟ್ಟು ಬೇರೆಡೆ ಸೇರಿದ್ದನ್ನೂ ಫ್ರ್ಯಾಂಕ್‌ಗೆ ಹೇಳಿರುವುದಿಲ್ಲ. ಇತ್ತ ಫ್ರ್ಯಾಂಕ್ ಕುಡಿದು ಉಪನ್ಯಾಸ ವೇದಿಕೆಯಿಂದ ಬಿದ್ದು, ಸಂಸ್ಥೆಯವರು ಅವನನ್ನು ಎರಡು ವರ್ಷ ಆಸ್ಟ್ರೇಲಿಯಾಕ್ಕೆ ಕಳುಹಿಸುವ ಹಂತ ತಲುಪುತ್ತಾನೆ. ತುಂಬು ಜೀವನ ನಡೆಸುತ್ತಿರುವಂತೆ ತೋರುತ್ತಿದ್ದ ಟ್ರಿಶ್ ಆತ್ಮಹತ್ಯೆಗೆ ಯತ್ನಿಸುತ್ತಾಳೆ. ಓದು ಬಲ್ಲವರ ಬದುಕು ಸಹಜವಾಗಿಯೇ ಸುಖವಾದುದೆಂಬ ರೀಟಾಳ ನಂಬಿಕೆ ಅಲ್ಲಿಗೆ ಕುಸಿಯುತ್ತದೆ.

ಪರೀಕ್ಷೆ ಬರೆದು ಮುಗಿಸಿದ ಮೇಲೆ ರೀಟಾ ಮತ್ತೊಮ್ಮೆ ಆ ಕೋಣೆಗೆ ಬರುತ್ತಾಳೆ. ಫ್ರ್ಯಾಂಕ್ ಪ್ರಯಾಣಕ್ಕಾಗಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿರುತ್ತಾನೆ. ಅವಳಿಗಾಗಿ ಕೊಂಡಿದ್ದ ಉಡುಪೊಂದನ್ನು ಕೊಡುತ್ತಾನೆ. ಪ್ರತಿಯಾಗಿ ಆಕೆ ಅವನನ್ನು ಕುರ್ಚಿಯ ಮೇಲೆ ಕೂರಿಸಿ ಕತ್ತರಿ ಹಿಡಿದು ಅವನ ತಲೆಗೂದಲನ್ನು ಕತ್ತರಿಸತೊಡಗುವಲ್ಲಿ ನಾಟಕ ಮುಗಿಯುತ್ತದೆ.

ಹೆಸರು, ನುಡಿ ಮತ್ತು ಅಸ್ಮಿತೆ

ನಾಯಕಿಯ ನಿಜವಾದ ಹೆಸರು ಸೂಸನ್. ರೀಟಾ ಎಂಬುದು ತನ್ನ ಮೆಚ್ಚಿನ ಕಾದಂಬರಿಗಾರ್ತಿ ರೀಟಾ ಮೇ ಬ್ರೌನ್ ಅವರಿಂದ ಆಕೆ ತಾನೇ ಎರವಲು ಪಡೆದ ಹೆಸರು. ಓದಿಗೆ ಬರುವ ಮುನ್ನವೇ ಹೆಸರು ಬದಲಿಸಿಕೊಂಡದ್ದು, ಬೇರೊಬ್ಬಳಾಗಬೇಕೆಂಬ ಹಂಬಲ ಅವಳಲ್ಲಿ ಮೊದಲೇ ಇತ್ತು ಎಂಬುದಕ್ಕೆ ಸಾಕ್ಷಿ. ಎರಡನೆಯ ಅಂಕದ ವಾಗ್ವಾದವೊಂದರಲ್ಲಿ, ತನ್ನನ್ನು ಆ ಹೆಸರಿನಿಂದ ಈಗ ಕರೆಯುವವನು ಫ್ರ್ಯಾಂಕ್ ಒಬ್ಬನೇ ಎಂದು ಆಕೆ ತಿಳಿಸುತ್ತಾಳೆ. ವಿದ್ಯೆ ಬಂದಾಗ ಆ ಎರವಲು ಹೆಸರು ಅವಳಿಗೆ ಬೇಡವಾಯಿತು. ಬೋಧಿಸಿದವನಿಗೆ ಮಾತ್ರ ಅದು ಬೇಕಾಗಿತ್ತು.

ಭಾಷೆಯ ವಿಷಯದಲ್ಲಿಯೂ ಇದೇ ನಡೆಯುತ್ತದೆ. ಲಿವರ್‌ಪೂಲ್‌ನ ಆಡುನುಡಿಯಲ್ಲಿ ಲಗುಬಗೆಯಿಂದ ಮಾತನಾಡುತ್ತಿದ್ದ ರೀಟಾ, ಶಿಬಿರದಿಂದ ಬಂದ ನಂತರ ಒಂದು ದಿನ ಶಿಷ್ಟವರ್ಗದ ಉಚ್ಚಾರಣೆಯಲ್ಲಿ ಮಾತನಾಡಲು ತೊಡಗುತ್ತಾಳೆ. ಅದು ಕೃತಕವಾಗಿ ಕೇಳಿಸಿ ಪ್ರೇಕ್ಷಕರು ನಗುತ್ತಾರೆ. ಕಾಲೇಜು ಸೇರಿದ ಮೇಲೆ ತಮ್ಮೂರಿನ ಮಾತನ್ನು ನುಂಗಿಕೊಂಡು ಪುಸ್ತಕದ ಕನ್ನಡವನ್ನು ನಾಲಿಗೆಗೆ ರೂಢಿಸಿಕೊಳ್ಳಲು ಹೆಣಗಿದವರಿಗೆ ಈ ದೃಶ್ಯದಲ್ಲಿ ನಗುವಷ್ಟೇ ಮುಜುಗರವೂ ಆಗಬಹುದು.

ಬದಲಾವಣೆಯ ನಡುಹಾದಿಯಲ್ಲಿರುವವರ ಒಂಟಿತನವನ್ನು ನಾಟಕವು ಒಂದು ಪ್ರಸಂಗದಲ್ಲಿ ಹಿಡಿದಿದೆ. ಫ್ರ್ಯಾಂಕ್ ಅವಳನ್ನು ರಾತ್ರಿಯ ಊಟಕ್ಕೆ ಮನೆಗೆ ಆಹ್ವಾನಿಸುತ್ತಾನೆ. ಆಕೆ ವೈನ್ ಬಾಟಲಿ ಕೊಂಡು ಅವನ ಮನೆಯವರೆಗೂ ಹೋಗಿ, ಕಿಟಕಿಯಿಂದ ಒಳಗಿನ ಅತಿಥಿಗಳನ್ನು ಕಂಡು, ತಾನು ತಂದ ವೈನ್ ಅಲ್ಲಿಗೆ ತಕ್ಕುದಲ್ಲವೆಂದು ಭಾವಿಸಿ ಹಿಂದಿರುಗುತ್ತಾಳೆ. ಗಂಡ ಮತ್ತು ತವರಿನವರು ಸೇರಿದ್ದ ಮದ್ಯದಂಗಡಿಗೆ ಹೋದರೆ ಅಲ್ಲಿ ಎಲ್ಲರೂ ಹಾಡುತ್ತಿರುತ್ತಾರೆ. ಆ ಗುಂಪಿಗೂ ಆಕೆ ಈಗ ಹೊರಗಿನವಳೇ. ಹಾಡುತ್ತಿದ್ದ ಅವಳ ತಾಯಿ ಇದ್ದಕ್ಕಿದ್ದಂತೆ ಹಾಡು ನಿಲ್ಲಿಸಿ ಅಳುತ್ತಾಳೆ. ಕಾರಣ ಕೇಳಿದಾಗ, ಇವುಗಳಿಗಿಂತ ಒಳ್ಳೆಯ ಹಾಡುಗಳು ಎಲ್ಲೋ ಇರಬೇಕು ಎಂಬರ್ಥದ ಮಾತನ್ನಾಡುತ್ತಾಳೆ. ರೀಟಾ ಓದನ್ನು ಮುಂದುವರಿಸಲು ನಿರ್ಧರಿಸುವುದು ಆ ಮಾತನ್ನು ಕೇಳಿದ ಮೇಲೆ. ನಾಟಕದ ಅತ್ಯಂತ ಮಾರ್ಮಿಕವಾದ ಈ ಪ್ರಸಂಗ ರಂಗದ ಮೇಲೆ ನಡೆಯುವುದಿಲ್ಲ. ರೀಟಾ ಅದನ್ನು ಫ್ರ್ಯಾಂಕ್‌ಗೆ ಹೇಳುವುದನ್ನಷ್ಟೇ ಪ್ರೇಕ್ಷಕರು ಕೇಳುತ್ತಾರೆ.

ಅಧ್ಯಾಪಕ ಮತ್ತು ವಿದ್ಯಾರ್ಥಿನಿ

ರೀಟಾ ಮೊದಲ ದಿನದಿಂದಲೇ ಅಧ್ಯಾಪಕನನ್ನು ಹೆಸರು ಹಿಡಿದು ಕರೆಯುತ್ತಾಳೆ. ಮೇಷ್ಟ್ರು, ಗುರುಗಳು ಎನ್ನುವ ರೂಢಿಯವರಿಗೆ ಇದು ಉದ್ಧಟತನವಾಗಿ ತೋರಬಹುದಾದರೂ, ಅವಳು ಅವನನ್ನು ನಂಬಿರುವಷ್ಟು ನಾಟಕದಲ್ಲಿ ಬೇರಾರೂ ಯಾರನ್ನೂ ನಂಬಿಲ್ಲ. ಇಬ್ಸೆನ್‌ನ ಪೀರ್ ಗಿಂಟ್ ನಾಟಕವನ್ನು ರಂಗಕ್ಕೆ ತರುವಲ್ಲಿನ ತೊಡಕುಗಳನ್ನು ಹೇಗೆ ಪರಿಹರಿಸಬಹುದು ಎಂಬ ಪ್ರಶ್ನೆಗೆ ಆಕೆ ಬರೆದ ಉತ್ತರ ಒಂದೇ ಸಾಲಿನದು: ಅದನ್ನು ರೇಡಿಯೊದಲ್ಲಿ ಆಡಿಸಬೇಕು. ಪರೀಕ್ಷೆಯ ದೃಷ್ಟಿಯಿಂದ ಅದಕ್ಕೆ ಬೆಲೆಯಿಲ್ಲ, ಆದರೆ ಅದು ಪೆದ್ದು ಉತ್ತರವೂ ಅಲ್ಲ. ಅಂಥ ತಾಜಾತನವನ್ನು ಮೆಚ್ಚುವ ಫ್ರ್ಯಾಂಕ್‌ಗೆ ಅವಳನ್ನು ಪರೀಕ್ಷೆಗೆ ಸಿದ್ಧಪಡಿಸಲು ಮನಸ್ಸಿಲ್ಲ. ಮ್ಯಾಕ್‌ಬೆತ್ ಕುರಿತ ಅವಳ ಪ್ರಬಂಧ ಹೃದಯದಿಂದ ಬಂದದ್ದೆಂದು ಒಪ್ಪಿಕೊಂಡು, ಪರೀಕ್ಷಕರಿಗೆ ಅದು ನಿಷ್ಪ್ರಯೋಜಕವೆಂದೂ ಹೇಳುತ್ತಾನೆ. ಬದಲಾಗಬೇಕಾದರೆ ಅವಳಲ್ಲಿನ ವಿಶಿಷ್ಟವಾದದ್ದನ್ನು ಅದುಮಬೇಕಾದೀತೆಂದು ಎಚ್ಚರಿಸುತ್ತಾನೆ. ರೀಟಾ ಆ ಪ್ರಬಂಧವನ್ನು ಹರಿದುಹಾಕಿ ಮತ್ತೆ ಬರೆಯಲು ಸಿದ್ಧಳಾಗುತ್ತಾಳೆ.

ಇಲ್ಲಿ ನಾಟಕವು ಫ್ರ್ಯಾಂಕ್‌ನ ಪಕ್ಷವನ್ನು ಪೂರ್ತಿಯಾಗಿ ವಹಿಸುವುದಿಲ್ಲ. ಓದಿ ಬೇಸತ್ತವನಿಗೆ ಓದದವರ ಮುಗ್ಧತೆ ಸುಂದರವಾಗಿ ಕಾಣುವುದು ಸುಲಭ. ಆ ಮುಗ್ಧತೆಯೊಳಗೇ ಬದುಕಬೇಕಾದವಳಿಗೆ ಅದು ಸೆರೆಯಾಗಿರುತ್ತದೆ. ತನ್ನ ಬದುಕಿಗೆ ಬಂದ ಹೊಸ ಗಾಳಿಯೆಂದು ಅವಳನ್ನು ಪ್ರೀತಿಸುವ ಫ್ರ್ಯಾಂಕ್, ಅವಳು ತನಗೆ ಬೇಕಾದಂತೆಯೇ ಉಳಿಯಲೆಂದು ಬಯಸುತ್ತಾನೆ. ಈ ಅರ್ಥದಲ್ಲಿ ಅವನ ಬಯಕೆಗೂ ಡೆನ್ನಿಯ ಬಯಕೆಗೂ ಹೆಚ್ಚಿನ ದೂರವಿಲ್ಲ.

ಸಂಬಂಧ ಮುರಿಯುವ ಹಂತಕ್ಕೆ ಬರುವುದು ಫ್ರ್ಯಾಂಕ್‌ನ ಕವಿತೆಗಳ ನಿಮಿತ್ತವಾಗಿ. ಹಿಂದೆ ತಾನು ಬರೆದಿದ್ದ ಕವಿತೆಗಳನ್ನು ಅವನು ಓದಲು ಕೊಡುತ್ತಾನೆ. ರೀಟಾ ಮತ್ತು ಟ್ರಿಶ್ ಅವುಗಳನ್ನು ಓದಿ ಬೆರಗಾಗುತ್ತಾರೆ; ಅವುಗಳಲ್ಲಿನ ಸಾಹಿತ್ಯಿಕ ಉಲ್ಲೇಖಗಳನ್ನು ರೀಟಾ ಹೊಗಳುತ್ತಾಳೆ. ಹಳೆಯ ರೀಟಾ ಆಗಿದ್ದರೆ ಇವು ಸತ್ವಹೀನವೆಂದು ನೇರವಾಗಿ ಹೇಳುತ್ತಿದ್ದಳೆಂದು ಫ್ರ್ಯಾಂಕ್‌ಗೆ ಗೊತ್ತು. ಅವನು ಕವಿತೆಗಳನ್ನು ಹರಿದುಹಾಕಿ, ತನ್ನನ್ನು ಫ್ರಾಂಕನ್‌ಸ್ಟೈನ್ ಕಾದಂಬರಿಯ ಕರ್ತೃ ಮೇರಿ ಶೆಲ್ಲಿಗೆ ಹೋಲಿಸಿಕೊಳ್ಳುತ್ತಾನೆ. ರೀಟಾಳ ಪ್ರತ್ಯುತ್ತರವೂ ಕಟುವಾಗಿಯೇ ಇದೆ: ತನಗೆ ಅವನ ಅಗತ್ಯ ಇನ್ನಿಲ್ಲ ಎಂಬುದೇ ಅವನಿಗೆ ಸಹಿಸಲಾಗದ ಸಂಗತಿ ಎಂಬುದು ಅದರ ಸಾರ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ.

ಪರೀಕ್ಷೆಯಲ್ಲಿ ಪೀರ್ ಗಿಂಟ್ ಕುರಿತ ಪ್ರಶ್ನೆಯೇ ಮತ್ತೆ ಎದುರಾಗುತ್ತದೆ. ರೇಡಿಯೊ ಎಂಬ ಹಳೆಯ ಉತ್ತರ ನೆನಪಿಗೆ ಬಂದರೂ, ರೀಟಾ ವಿವರವಾದ ಉತ್ತರವನ್ನು ಬರೆಯುತ್ತಾಳೆ. ಹಿಂದೆ ಅವಳಿಗೆ ಒಂದೇ ಉತ್ತರ ತಿಳಿದಿತ್ತು. ಈಗ ಎರಡೂ ತಿಳಿದಿವೆ, ಯಾವುದನ್ನು ಬರೆಯಬೇಕೆಂಬುದು ಅವಳ ಆಯ್ಕೆ. ಮುಂದೇನು ಎಂಬುದಕ್ಕೂ ಅವಳ ಬಳಿ ಸಿದ್ಧ ಉತ್ತರವಿಲ್ಲ. ಫ್ರಾನ್ಸಿಗೆ ಹೋಗಬಹುದು, ತಾಯಿಯ ಮನೆಗೆ ಹೋಗಬಹುದು, ಮಗುವನ್ನು ಪಡೆಯಬಹುದು. ನಾಟಕಕಾರರು ಯಾವುದನ್ನೂ ನಿಶ್ಚಯಿಸಿಲ್ಲ. ಕೊನೆಯಲ್ಲಿ ಆಕೆ ಕೈಗೆತ್ತಿಕೊಳ್ಳುವ ಕತ್ತರಿ ಅವಳು ಬಿಟ್ಟುಬಂದ ಹಳೆಯ ವೃತ್ತಿಯದೇ.

ಬರ್ನಾರ್ಡ್ ಷಾ ಅವರ ಪಿಗ್ಮೇಲಿಯನ್ ನಾಟಕದೊಂದಿಗೆ ಈ ಕೃತಿಯನ್ನು ಹೋಲಿಸುವುದುಂಟು. ಎರಡರಲ್ಲಿಯೂ ಕೆಳವರ್ಗದ ಹೆಣ್ಣೊಬ್ಬಳು ವಿದ್ವಾಂಸನೊಬ್ಬನಿಂದ ಹೊಸ ನುಡಿ, ಹೊಸ ನಡೆಯನ್ನು ಕಲಿಯುತ್ತಾಳೆ. ಆದರೆ ಷಾ ಅವರ ಹಿಗಿನ್ಸ್‌ಗೆ ಎಲೈಜಾ ಒಂದು ಪಂಥದ ವಸ್ತು. ಅವಳನ್ನು ಬದಲಿಸುವ ಹಟ ಅವನದು. ಇಲ್ಲಿ ಬದಲಾಗುವ ಹಟ ರೀಟಾಳದು, ಹಿಂಜರಿಯುವವನು ಅಧ್ಯಾಪಕ.

ರಂಗಪ್ರಯೋಗ ಮತ್ತು ಚಲನಚಿತ್ರ

ರಾಯಲ್ ಶೇಕ್ಸ್‌ಪಿಯರ್ ಕಂಪನಿಗಾಗಿ ಬರೆಯಲಾದ ಈ ನಾಟಕವು 1980ರ ಜೂನ್‌ನಲ್ಲಿ ಲಂಡನ್ನಿನ ವೇರ್‌ಹೌಸ್ ರಂಗಮಂದಿರದಲ್ಲಿ ಮೈಕ್ ಓಕ್ರೆಂಟ್ ಅವರ ನಿರ್ದೇಶನದಲ್ಲಿ ಮೊದಲು ಪ್ರದರ್ಶಿತವಾಯಿತು. ಜೂಲಿ ವಾಲ್ಟರ್ಸ್ ರೀಟಾಳಾಗಿ, ಮಾರ್ಕ್ ಕಿಂಗ್‌ಸ್ಟನ್ ಫ್ರ್ಯಾಂಕ್ ಆಗಿ ಅಭಿನಯಿಸಿದರು. ಬಳಿಕ ಪ್ರಯೋಗವು ಪಿಕಡಿಲಿ ರಂಗಮಂದಿರಕ್ಕೆ ಸ್ಥಳಾಂತರಗೊಂಡಿತು. ವರ್ಷದ ಅತ್ಯುತ್ತಮ ಹಾಸ್ಯನಾಟಕಕ್ಕೆ ಸಲ್ಲುವ ಒಲಿವಿಯರ್ ಪ್ರಶಸ್ತಿಯೂ ಇದಕ್ಕೆ ದೊರೆಯಿತು.

1983ರ ಚಲನಚಿತ್ರವನ್ನು ಲೂಯಿಸ್ ಗಿಲ್ಬರ್ಟ್ ನಿರ್ದೇಶಿಸಿದರು. ಚಿತ್ರಕಥೆ ರಸೆಲ್ ಅವರದೇ. ಜೂಲಿ ವಾಲ್ಟರ್ಸ್ ಅವರಿಗೆ ಎದುರಾಗಿ ಮೈಕೆಲ್ ಕೇನ್ ನಟಿಸಿದರು. ಕಥೆ ಇಂಗ್ಲೆಂಡಿನದಾದರೂ ಚಿತ್ರೀಕರಣ ನಡೆದದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ವಿಶ್ವವಿದ್ಯಾನಿಲಯದ ದೃಶ್ಯಗಳಲ್ಲಿ ಕಾಣುವುದು ಅಲ್ಲಿನ ಟ್ರಿನಿಟಿ ಕಾಲೇಜು. ಅತ್ಯುತ್ತಮ ಚಿತ್ರ, ನಟ ಮತ್ತು ನಟಿಗೆ ಸಲ್ಲುವ ಬಾಫ್ಟಾ ಪ್ರಶಸ್ತಿಗಳನ್ನು ಅದು ಪಡೆಯಿತು. ಕೇನ್, ವಾಲ್ಟರ್ಸ್ ಮತ್ತು ರಸೆಲ್ ಮೂವರೂ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶಿತರಾದರು. ರಂಗದ ಮೇಲೆ ಮಾತಿನಲ್ಲಷ್ಟೇ ಬರುವ ಡೆನ್ನಿ, ಟ್ರಿಶ್ ಮತ್ತು ರೀಟಾಳ ತಾಯಿ ಚಿತ್ರದಲ್ಲಿ ಪ್ರತ್ಯಕ್ಷ ಪಾತ್ರಗಳಾಗಿದ್ದಾರೆ. ಮದ್ಯದಂಗಡಿಯ ಹಾಡಿನ ಪ್ರಸಂಗವನ್ನೂ ಪ್ರೇಕ್ಷಕರು ಕಣ್ಣಾರೆ ಕಾಣುತ್ತಾರೆ. ಚಿತ್ರವು ವಿಮಾನ ನಿಲ್ದಾಣದಲ್ಲಿ ಇಬ್ಬರ ಬೀಳ್ಕೊಡುಗೆಯೊಂದಿಗೆ ಮುಗಿಯುತ್ತದೆ.